ಗೊತ್ತಿಲ್ಲದ ನಾಳೆ, ನಿದ್ದೆಯಿಲ್ಲದ ರಾತ್ರಿ: ಆತಂಕ ಹುಟ್ಟುವುದು ಹೇಗೆ, ಹಿಡಿತಕ್ಕೆ ತರುವುದು ಹೇಗೆ?

ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ವಾಣಿ ವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದ ಮೇಲೆ. ಹಿರಿಯೂರು, ಹೊಸದುರ್ಗದ ಕಡೆಯ ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ನೀರು ನೋಡಿ ಬಂದರು. ಮರುವರ್ಷವೇ ಮಳೆ ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 2025ರ ಜನವರಿಯಲ್ಲಿ ಅದೇ ಅಣೆಕಟ್ಟು ಮತ್ತೆ ತುಂಬಿ ಹರಿಯಿತು. ಹಿರಿಯರ ಅನುಭವದ ಲೆಕ್ಕಕ್ಕೂ ಸಿಗುವಂಥ ವರ್ಷಗಳಲ್ಲ ಇವು.

ಮಳೆ ಒಂದೇ ಅಲ್ಲ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಹಾಕಿದವರನ್ನು ಕೇಳಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಗಿತ್ತು. ಮಾಲು ಮಾರುಕಟ್ಟೆಗೆ ಬರುವ ಹೊತ್ತಿಗೆ ಸಿಗುತ್ತಿದ್ದ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಕಂಪನಿ ಈ ಸಲ ಯಾರನ್ನು ತೆಗೆಯುತ್ತದೋ ಎಂದು ಊರಲ್ಲಿ ಅಪ್ಪ ಅಮ್ಮನಿಗೆ ಚಿಂತೆ. ಪಿಯುಸಿ ಓದುವ ಮಗಳಿಗೆ ಸಿಇಟಿ, ನೀಟ್ ಚಿಂತೆ. ಇಷ್ಟೆಲ್ಲ ಇರುವಾಗ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಡವಡವ ಎನ್ನುವುದು ಯಾರಿಗಾದರೂ ಆಗಬಹುದು. ಆದರೆ ಹಾಗೆ ಆಗುವಾಗ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ನಮ್ಮಲ್ಲಿ ಬಹಳ ಜನರಿಗೆ ಯಾರೂ ಹೇಳಿಕೊಟ್ಟಿಲ್ಲ. ಗೊತ್ತಾದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಅದಕ್ಕೇ ಈ ಬರಹ.

## ಭಯ ಮತ್ತು ಆತಂಕ

ಜೋಗಿಮಟ್ಟಿ ಕಾಡಿನ ಅಂಚಿನ ಹೊಲದಲ್ಲಿ ಒಬ್ಬರಿಗೆ ಕರಡಿ ಎದುರಾಯಿತು ಎಂದುಕೊಳ್ಳಿ. ಆಗ ಆಗುವುದು ಭಯ. ಕಾರಣ ಕಣ್ಣೆದುರಿಗೇ ಇದೆ. ಕರಡಿ ಅತ್ತ ಹೋದ ಸ್ವಲ್ಪ ಹೊತ್ತಿಗೆ ಭಯವೂ ಇಳಿಯುತ್ತದೆ. ಅದೇ ವ್ಯಕ್ತಿ ಮನೆಗೆ ಬಂದು, "ನಾಳೆ ಹೊಲಕ್ಕೆ ಹೋದಾಗ ಮತ್ತೆ ಬಂದರೆ?" ಎಂದು ರಾತ್ರಿಯಿಡೀ ಹೊರಳಾಡಿದರೆ ಅದು ಆತಂಕ. ಈಗ ಎದುರಿಗೆ ಏನೂ ಇಲ್ಲ. ಬರಬಹುದಾದದ್ದರ ಬಗ್ಗೆ ಮನಸ್ಸು ಮೊದಲೇ ಸಜ್ಜಾಗುತ್ತಿದೆ.

ವಿಚಿತ್ರ ಎಂದರೆ, ಎರಡರಲ್ಲೂ ದೇಹದಲ್ಲಿ ಆಗುವುದು ಹೆಚ್ಚುಕಡಿಮೆ ಒಂದೇ. ಮಿದುಳಿನ ಎರಡೂ ಬದಿಯಲ್ಲಿ ಬಾದಾಮಿ ಗಾತ್ರದ ಒಂದು ಭಾಗವಿದೆ, ಅದಕ್ಕೆ ಅಮಿಗ್ಡಲಾ ಎಂದು ಹೆಸರು. ಅಪಾಯದ ಸುಳಿವು ಸಿಕ್ಕ ಕೂಡಲೇ ಅದು ಸುದ್ದಿ ಕಳಿಸುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಓಡಲು ಇಲ್ಲವೇ ಹೊಡೆದಾಡಲು ಕಾಲು ತೋಳಿಗೆ ಜಾಸ್ತಿ ರಕ್ತ ಬೇಕಲ್ಲ, ಅದಕ್ಕೆ ಎದೆ ಜೋರಾಗಿ ಬಡಿಯುತ್ತದೆ. ಉಸಿರು ಚಿಕ್ಕದಾಗುತ್ತದೆ. ಆ ಹೊತ್ತಿನಲ್ಲಿ ಊಟ ಅರಗಿಸುವುದು ಮುಖ್ಯವಲ್ಲ, ಹಾಗಾಗಿ ಹೊಟ್ಟೆ ತೊಳೆಸುತ್ತದೆ, ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ಅಡ್ರಿನಲಿನ್ ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಬರುತ್ತದೆ. ಅದು ದೇಹವನ್ನು ಇನ್ನಷ್ಟು ಹೊತ್ತು ಎಚ್ಚರವಾಗಿ ಇಡುತ್ತದೆ.

ಕೊಳವೆಬಾವಿ ಮೋಟಾರಿನ ಸ್ಟಾರ್ಟರ್ ಡಬ್ಬಿಯಲ್ಲಿರುವ ರಿಲೇ ನಿಮಗೆ ಗೊತ್ತೇ ಇದೆ. ಕರೆಂಟ್ ಹೆಚ್ಚುಕಡಿಮೆ ಆದರೆ ಟ್ರಿಪ್ ಆಗಿ ಮೋಟಾರ್ ಸುಡದಂತೆ ಕಾಯುತ್ತದೆ. ರಿಲೇ ಇಲ್ಲದೆ ಮೋಟಾರ್ ಓಡಿಸುವುದು ಅಪಾಯ. ಆದರೆ ಅದನ್ನು ತೀರಾ ಬಿಗಿಯಾಗಿ ಹೊಂದಿಸಿಟ್ಟರೆ ಸಣ್ಣ ಏರುಪೇರಿಗೂ ಟ್ರಿಪ್ ಆಗುತ್ತದೆ, ಇಡೀ ದಿನ ನೀರು ಹಾಯಿಸಲು ಆಗುವುದಿಲ್ಲ. ಆತಂಕವೂ ಇಷ್ಟೇ. ಅದು ಇರಬೇಕು. ಪರೀಕ್ಷೆಗೆ ಓದಿಸುವುದು, ಸಾಲದ ಕಂತು ನೆನಪಿಸುವುದು, ಬೈಕ್ ನಿಧಾನ ಓಡಿಸುವುದು ಅದೇ. ಸಣ್ಣಪುಟ್ಟದಕ್ಕೂ ಟ್ರಿಪ್ ಆಗುತ್ತಿದ್ದರೆ ಹೊಂದಿಸುವ ಕೆಲಸ ಇದೆ ಎಂದರ್ಥ. ಕಿತ್ತೆಸೆಯುವ ಕೆಲಸ ಅಲ್ಲ.

## ಕೆಟ್ಟ ಸುದ್ದಿಗಿಂತ 'ಗೊತ್ತಿಲ್ಲ' ಎನ್ನುವುದೇ ಜಾಸ್ತಿ ಸುಡುವುದೇಕೆ?

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್ ಕೊರೆಸಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಲಾರಿ ಬಂದು ನಿಂತಿದೆ. ಮುನ್ನೂರು ಅಡಿ ಆಯಿತು, ಬರೀ ಧೂಳು. ಐನೂರು ಅಡಿ ಆಯಿತು, ಸ್ವಲ್ಪ ತೇವ. ಮುಂದೆ ಕೊರೆಯೋಣವೇ, ನಿಲ್ಲಿಸೋಣವೇ? ಅಡಿ ಅಡಿಗೂ ದುಡ್ಡು. ಆ ಹೊತ್ತಿನಲ್ಲಿ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ. ಕೊನೆಗೆ ಬೋರ್ ಫೇಲ್ ಎಂದು ತೀರ್ಮಾನವಾದ ಮೇಲೆ ನೋವು ದೊಡ್ಡದೇ, ಸಾಲವೂ ಹಾಗೇ ಇದೆ. ಆದರೂ ಆ ಚಡಪಡಿಕೆ ನಿಲ್ಲುತ್ತದೆ. ಮುಂದಿನ ದಾರಿ ಯೋಚಿಸಲು ಮನಸ್ಸು ಶುರು ಮಾಡುತ್ತದೆ.

ಇದು ಪ್ರಯೋಗದಲ್ಲೂ ಕಂಡಿದೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದರು. ಪರದೆ ಮೇಲೆ ಬಂಡೆಗಳು. ಯಾವ ಬಂಡೆಯ ಅಡಿ ಹಾವು ಇದೆ ಎಂದು ಊಹಿಸಬೇಕು. ಹಾವು ಬಂದರೆ ಕೈಗೆ ನೋವಾಗುವಷ್ಟು ಕರೆಂಟ್ ಶಾಕ್. ಜನರ ಬೆವರು, ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ ಎಲ್ಲವನ್ನೂ ಅಳೆದರು. ಶಾಕ್ ಖಂಡಿತ ಬರುತ್ತದೆ ಎಂದು ಗೊತ್ತಿದ್ದಾಗ ಒತ್ತಡ ಕಡಿಮೆ ಇತ್ತು. ಬಂದರೂ ಬರಬಹುದು, ಬಾರದೆಯೂ ಇರಬಹುದು, ಐವತ್ತು-ಐವತ್ತು ಎನ್ನುವಂತಿದ್ದಾಗ ಒತ್ತಡ ಎಲ್ಲಕ್ಕಿಂತ ಜಾಸ್ತಿ ಇತ್ತು. ಖಚಿತವಾಗಿ ಬರುವ ನೋವಿಗಿಂತ, ಬಂದೀತೋ ಇಲ್ಲವೋ ಎಂಬ ನೋವು ಹೆಚ್ಚು ಕಾಡಿತು.

ಕಾರಣ ಏನೆಂದರೆ, ಮುಂದೆ ಏನಾಗುತ್ತದೆ ಎಂದು ಊಹಿಸುವುದು ಮಿದುಳಿನ ದೊಡ್ಡ ಕೆಲಸಗಳಲ್ಲಿ ಒಂದು. ಊಹೆ ಸಿಕ್ಕರೆ ಅದಕ್ಕೆ ತಕ್ಕ ತಯಾರಿ ಮಾಡಿ ಸುಮ್ಮನಾಗುತ್ತದೆ. ಎರಡೂ ಸಾಧ್ಯ ಎಂದಾದಾಗ ಎರಡಕ್ಕೂ ತಯಾರಾಗಿ ಕೂರಬೇಕು. ಬಿಡುವು ಸಿಗುವುದಿಲ್ಲ. ಆಸ್ಪತ್ರೆಯ ರಿಪೋರ್ಟ್ ಬರುವ ಹಿಂದಿನ ದಿನ ರಿಪೋರ್ಟ್ ಬಂದ ದಿನಕ್ಕಿಂತ ಕಷ್ಟ ಅನ್ನಿಸುವುದು ಇದಕ್ಕೇ.

ಇದನ್ನು ತಡೆದುಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಒಂದೇ ಮನೆಯ ಅಣ್ಣ ತಮ್ಮ, ಒಂದೇ ಹೊಲ, ಒಂದೇ ಸಾಲ. ಅಣ್ಣ ಗೊರಕೆ ಹೊಡೆಯುತ್ತಾನೆ, ತಮ್ಮ ಅಂಗಳದಲ್ಲಿ ಓಡಾಡುತ್ತಾನೆ. ಕೆನಡಾದ ಕ್ವಿಬೆಕ್‌ನ ಲಾವಾಲ್ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಈ ವ್ಯತ್ಯಾಸವನ್ನೇ ಅಳೆಯುವ ಪ್ರಶ್ನಾವಳಿ ಮಾಡಿದರು. ಅನಿಶ್ಚಯವನ್ನು ಸಹಿಸಲು ಕಷ್ಟಪಡುವವರೇ ಚಿಂತೆಯಲ್ಲೂ ಹೆಚ್ಚು ಮುಳುಗುತ್ತಾರೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ತಮ್ಮ ಪುಕ್ಕಲ, ಅಣ್ಣ ಧೈರ್ಯವಂತ ಎಂದು ಮನೆಯಲ್ಲಿ ಹಣೆಪಟ್ಟಿ ಹಚ್ಚುವುದು ಬೇಡ. ತಮ್ಮನ ರಿಲೇ ಬಿಗಿಯಾಗಿದೆ, ಅಷ್ಟೇ. ಅದನ್ನು ಸಡಿಲಿಸುವುದು ಕಲಿಯಬಹುದಾದ ವಿಷಯ.

## ಖಚಿತ ಮಾಡಿಕೊಳ್ಳಲು ಹೋಗಿ ಆತಂಕ ಬೆಳೆಸುವುದು

ಈ ಇಡೀ ವಿಷಯದಲ್ಲಿ ಬಹಳ ಜನರಿಗೆ ತಿಳಿಯದೆ ಹೋಗುವ ಭಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಅನಿಶ್ಚಯ ಸುಟ್ಟಾಗ ನಾವು ಸುಮ್ಮನೆ ಕೂರುವುದಿಲ್ಲ. ಮೊಬೈಲ್ ತೆಗೆದು ಎಪಿಎಂಸಿ ರೇಟು ನೋಡುತ್ತೇವೆ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡುತ್ತೇವೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರೋ ಹಾಕಿದ ಹವಾಮಾನದ ವಿಡಿಯೋ ಕೇಳುತ್ತೇವೆ, ಅದಕ್ಕೆ ವಿರುದ್ಧ ಹೇಳುವ ಇನ್ನೊಂದನ್ನೂ ಕೇಳುತ್ತೇವೆ. ಹಾಸ್ಟೆಲಿನಲ್ಲಿರುವ ಮಗಳಿಗೆ ದಿನಕ್ಕೆ ಆರು ಸಲ ಫೋನ್. ತಲೆನೋವು ಬಂದರೆ ಗೂಗಲ್. "ಏನೂ ಆಗಲ್ಲ ಅಲ್ವಾ?" ಎಂದು ಹೆಂಡತಿಯನ್ನೋ ಗಂಡನನ್ನೋ ಮತ್ತೆ ಮತ್ತೆ ಕೇಳುವುದು. ಇದರ ಉಲ್ಟಾ ರೂಪವೂ ಇದೆ. ಬ್ಯಾಂಕಿನಿಂದ ಬಂದ ಕಾಗದ ಒಡೆಯದೆ ಇಡುವುದು, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸದೆ ಮುಂದೂಡುವುದು, ಸಾಲ ಕೊಟ್ಟವರ ಫೋನ್ ಎತ್ತದಿರುವುದು.

ಎರಡೂ ಆ ಕ್ಷಣಕ್ಕೆ ಹಿತ ಕೊಡುತ್ತವೆ. ತೊಂದರೆ ಇರುವುದು ಅಲ್ಲೇ. ಅನುಮಾನ ಬಂತು, ರೇಟು ನೋಡಿದಿರಿ, ಐದು ನಿಮಿಷ ಸಮಾಧಾನ. ಇದರಿಂದ ಮಿದುಳು ಕಲಿಯುವ ಪಾಠ ಏನು? "ನೋಡಿದ್ದಕ್ಕೇ ಬಚಾವಾದೆ." ಮುಂದಿನ ಸಲ ಅನುಮಾನ ಇನ್ನೂ ಬೇಗ ಬರುತ್ತದೆ, ಇನ್ನೂ ಜೋರಾಗಿ ಬರುತ್ತದೆ. ನೋಡದೆ ಇದ್ದರೂ ಏನೂ ಆಗುತ್ತಿರಲಿಲ್ಲ ಎಂದು ಕಲಿಯುವ ಅವಕಾಶವೇ ಮಿದುಳಿಗೆ ಸಿಗುವುದಿಲ್ಲ. ಕಾಗದ ಒಡೆಯದವರ ಕಥೆಯೂ ಇದೇ. ಒಡೆಯದ ಕಾಗದದ ಒಳಗೆ ಏನಿದೆಯೋ ಎಂಬ ಕಲ್ಪನೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ.

ಮನೆಯವರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಆತಂಕದಲ್ಲಿರುವವರು ಕೇಳಿದಾಗಲೆಲ್ಲ "ಏನೂ ಆಗಲ್ಲ ಬಿಡು" ಎನ್ನುವುದು ಪ್ರೀತಿಯಿಂದಲೇ. ಆದರೆ ನಿಮ್ಮ ಸಮಾಧಾನದ ಮಾತೂ ಒಂದು ಬಗೆಯ ರೇಟು ನೋಡುವ ಅಭ್ಯಾಸವಾಗಿ ಬಿಡುತ್ತದೆ. ಒಮ್ಮೆ ಹೇಳಿದ್ದು ಸಾಕು. ಆಮೇಲೆ, "ಏನಾಗುತ್ತೆ ಅಂತ ನನಗೂ ಗೊತ್ತಿಲ್ಲ, ಏನಾದರೂ ನಾನು ಜೊತೆಗಿರ್ತೀನಿ" ಎನ್ನುವುದು ಹೆಚ್ಚು ನಿಜ, ಹೆಚ್ಚು ಕಾಲ ಉಳಿಯುವ ಆಸರೆ ಕೂಡ.

## ಹಾಗಾದರೆ ಮಾಡುವುದೇನು?

ಮೊದಲು ದೇಹ. ಎದೆ ಹೊಡೆದುಕೊಳ್ಳುವಾಗ ಬುದ್ಧಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಉಸಿರು ಒಳಗೆಳೆಯುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವೇಗಸ್ ಎಂಬ ನರ ಈ ಕೆಲಸ ಮಾಡುತ್ತದೆ. ಹಾಗಾಗಿ ಬಿಡುವ ಉಸಿರನ್ನು ಉದ್ದ ಮಾಡಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಐದು ನಿಮಿಷ ಸಾಕು. ಆತಂಕ ಪೂರ್ತಿ ಮಾಯವಾಗಬೇಕು ಎಂದು ಕಾಯಬೇಡಿ. ಯೋಚಿಸುವಷ್ಟು ಮಟ್ಟಕ್ಕೆ ಇಳಿದರೆ ಇದರ ಕೆಲಸ ಮುಗಿಯಿತು.

ಆಮೇಲೆ ಚಿಂತೆಯನ್ನು ಎರಡು ಪಾಲು ಮಾಡಿ. ಕೈಗೆ ಸಿಗುವುದು ಒಂದು, ಸಿಗದಿರುವುದು ಇನ್ನೊಂದು. ಮೆಕ್ಕೆಜೋಳದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮುಂದಿನ ತಿಂಗಳ ದರ ನಿಮ್ಮ ಕೈಯಲ್ಲಿಲ್ಲ. ಕಾಳನ್ನು ಶೇ 14ರ ತೇವಾಂಶಕ್ಕೆ ಒಣಗಿಸುವುದು ನಿಮ್ಮ ಕೈಯಲ್ಲಿದೆ. ಗೋದಾಮಿನಲ್ಲಿ ಇಟ್ಟು ಅಡಮಾನ ಸಾಲ ಸಿಗುತ್ತದೆಯೇ ಎಂದು ವಿಚಾರಿಸುವುದು ನಿಮ್ಮ ಕೈಯಲ್ಲಿದೆ. ಮಳೆ ಕೈಯಲ್ಲಿಲ್ಲ, ಬೆಳೆ ವಿಮೆಯ ಕಡೆಯ ದಿನಾಂಕ ಇದೆ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳು ಬೆಳೆಗಳಿಗೆ ರೈತರು ಕಟ್ಟುವ ಪಾಲು ವಿಮಾ ಮೊತ್ತದ ಶೇ 2 ಮಾತ್ರ. ಆಲಿಕಲ್ಲು ಬಿದ್ದೋ ಹೊಲಕ್ಕೆ ನೀರು ನುಗ್ಗಿಯೋ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಕೈಗೆ ಸಿಗುವ ಪಾಲಿನಿಂದ ಒಂದೇ ಒಂದು ಕೆಲಸ ಆರಿಸಿ, ಅದನ್ನು ಇವತ್ತೇ ಮಾಡಿ. ಹತ್ತು ಯೋಚನೆಗಿಂತ ಒಂದು ಫೋನ್ ಕರೆ ಮನಸ್ಸನ್ನು ಹೆಚ್ಚು ಹಗುರ ಮಾಡುತ್ತದೆ.

ಕೈಗೆ ಸಿಗದ ಪಾಲಿಗೆ ಬೇರೆ ಉಪಾಯ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೊರ್ಕೊವೆಕ್ 1980ರ ದಶಕದಲ್ಲಿ ಚಿಂತೆಗೇ ಒಂದು ಸಮಯ ಗೊತ್ತುಮಾಡಿ ನೋಡಿದರು. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು, "ಸಂಜೆ ಆರಕ್ಕೆ ನೋಡೋಣ" ಎಂದು ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ಚಿಂತೆ ಮಾಡಬೇಡ ಎಂದರೆ ಮನಸ್ಸು ಕೇಳುವುದಿಲ್ಲ. ಆಮೇಲೆ ಮಾಡು ಎಂದರೆ ಎಷ್ಟೋ ಸಲ ಕೇಳುತ್ತದೆ. ಸಂಜೆ ಆ ಚೀಟಿ ನೋಡಿದಾಗ ಅರ್ಧ ಸಾಲುಗಳು ತಣ್ಣಗಾಗಿರುತ್ತವೆ. ಮಲಗುವ ಹೊತ್ತಿಗೆ ಹತ್ತಿರ ಮಾತ್ರ ಈ ಸಮಯ ಇಟ್ಟುಕೊಳ್ಳಬೇಡಿ.

ಬರೆದಿಡುವುದರಿಂದ ಇನ್ನೊಂದು ಲಾಭ ಇದೆ. ಅದೇ ವಿಶ್ವವಿದ್ಯಾಲಯದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಿಪರೀತ ಆತಂಕದ ಕಾಯಿಲೆ ಇದ್ದ 29 ಜನ ತಮ್ಮ ಚಿಂತೆಗಳನ್ನು ಬರೆದಿಟ್ಟು, ಅವು ನಿಜವಾದವೇ ಎಂದು ಆಮೇಲೆ ತಾಳೆ ನೋಡಿದರು. ಸುಮಾರು ಶೇ 91ರಷ್ಟು ನಿಜವಾಗಲಿಲ್ಲ. ಇದು ಸಣ್ಣ ಅಧ್ಯಯನ. ಮಳೆ ನಂಬಿದ ಬೇಸಾಯದಲ್ಲಿ ನಿಜವಾಗುವ ಆ ಒಂಬತ್ತು ಪಾಲೇ ಒಂದು ಮನೆಯನ್ನು ಅಲುಗಾಡಿಸಬಹುದು ಎಂಬುದೂ ಸತ್ಯ. ಆದರೂ ನಮ್ಮದೇ ಚೀಟಿ, ನಮ್ಮದೇ ಕೈಬರಹ ತೋರಿಸುವ ಲೆಕ್ಕವನ್ನು ಮನಸ್ಸು ಬೇರೆಯವರ ಉಪದೇಶಕ್ಕಿಂತ ಬೇಗ ನಂಬುತ್ತದೆ.

ಮೂರನೆಯದು ಸ್ವಲ್ಪ ಕಷ್ಟ. 'ಗೊತ್ತಿಲ್ಲ' ಎನ್ನುವುದನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಅಭ್ಯಾಸ ಮಾಡುವುದು. ದಿನಕ್ಕೆ ಇಪ್ಪತ್ತು ಸಲ ರೇಟು ನೋಡುವವರು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಮಿತಿ ಹಾಕಿಕೊಳ್ಳಬಹುದು. ಮಗಳು ಬಸ್ ಹತ್ತಿದ ಮೇಲೆ ಅವಳೇ ಫೋನ್ ಮಾಡುವವರೆಗೆ ಕಾಯಬಹುದು. ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚುತ್ತದೆ. ತಾನಾಗಿ ಏರಿದ್ದು ತಾನಾಗಿ ಇಳಿಯುತ್ತದೆ ಎಂದು ಮಿದುಳು ಕಲಿಯುವುದೇ ಆಗ. ದೊಡ್ಡದರಿಂದ ಶುರು ಮಾಡಬೇಡಿ.

ಚಹಾ, ನಿದ್ದೆ, ಕುಡಿತ ಇವುಗಳ ಬಗ್ಗೆ ಎರಡೇ ಮಾತು. ಚಹಾ, ಕಾಫಿಯಲ್ಲಿರುವ ಕೆಫೀನ್ ಎದೆಬಡಿತ ಹೆಚ್ಚಿಸುತ್ತದೆ, ಅದನ್ನೇ ಮನಸ್ಸು ಆತಂಕ ಎಂದು ಓದಿಕೊಳ್ಳುತ್ತದೆ. ಸಂಜೆಯ ಮೇಲೆ ಬೇಡ. ರಾತ್ರಿ ಕುಡಿದರೆ ನಿದ್ದೆ ಬಂದಂತೆ ಅನ್ನಿಸುತ್ತದೆ, ಆದರೆ ಆ ನಿದ್ದೆ ಮಧ್ಯೆ ಒಡೆಯುತ್ತದೆ, ಮರುದಿನದ ಆತಂಕ ಹೆಚ್ಚಾಗುತ್ತದೆ.

ಸಾಲ ನಿಜ, ಬರ ನಿಜ, ಕೆಲಸ ಹೋಗುವುದೂ ನಿಜ. ಉಸಿರಾಟದಿಂದ ಕಂತು ತೀರುವುದಿಲ್ಲ. ಆತಂಕ ಕಡಿಮೆ ಮಾಡಿಕೊಳ್ಳುವುದು ಕಷ್ಟವನ್ನು ಮರೆಯಲು ಅಲ್ಲ. ಕಷ್ಟದ ಎದುರು ಕೂತು ಸರಿಯಾಗಿ ಲೆಕ್ಕ ಹಾಕಲು ತಲೆ ಬೇಕು, ಆ ತಲೆಯನ್ನು ಉಳಿಸಿಕೊಳ್ಳಲು.

## ಎದೆ ಹಿಡಿದು ಜೀವವೇ ಹೋದಂತೆ ಆದಾಗ

ಕೆಲವರಿಗೆ ಆತಂಕ ಒಮ್ಮೆಲೇ ನುಗ್ಗುತ್ತದೆ. ಎದೆ ಬಿಗಿತ, ಉಸಿರು ಕಟ್ಟುವುದು, ಕೈ ಜುಮ್ಮೆನ್ನುವುದು, ಈಗಲೇ ಸಾಯುತ್ತೇನೆ ಎಂಬ ಗಾಬರಿ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಇದರಿಂದ ಜೀವ ಹೋಗುವುದಿಲ್ಲ.

ಆದರೆ ಮನೆಯಲ್ಲೇ ಕೂತು ಇದು ಪ್ಯಾನಿಕ್ ಎಂದು ತೀರ್ಮಾನ ಮಾಡಬೇಡಿ. ಹೃದಯಾಘಾತದ ಲಕ್ಷಣವೂ ಹೀಗೇ ಇರಬಹುದು. ಮೊದಲ ಸಲ ಆದಾಗ ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಲೇಬೇಕು. ಥೈರಾಯ್ಡ್ ಜಾಸ್ತಿಯಾದರೆ, ರಕ್ತ ಕಡಿಮೆಯಾದರೆ, ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಇಳಿದರೆ ಕೂಡ ಎದೆ ಹೊಡೆದುಕೊಳ್ಳುತ್ತದೆ. ಇವೆಲ್ಲ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಎಲ್ಲ ಸರಿಯಿದೆ ಎಂದ ಮೇಲೂ ಮತ್ತೆ ಮತ್ತೆ ಆಗುತ್ತಿದ್ದರೆ, "ನಿನಗೇನೂ ಇಲ್ಲ, ಸುಮ್ನೆ ನಾಟಕ" ಎನ್ನುವುದು ತಪ್ಪು. ಹೃದಯಕ್ಕೆ ಏನೂ ಆಗಿಲ್ಲ, ಚಿಕಿತ್ಸೆ ಬೇಕಿರುವುದು ಆತಂಕಕ್ಕೆ.

## ಡಾಕ್ಟರ ಬಳಿ ಯಾವಾಗ ಹೋಗಬೇಕು, ಎಲ್ಲಿಗೆ ಹೋಗಬೇಕು

ಯಾವುದೋ ಒಂದು ಕಾರಣಕ್ಕಲ್ಲದೆ ಎಲ್ಲದರ ಬಗ್ಗೆಯೂ ಚಿಂತೆ, ಹೆಚ್ಚಿನ ದಿನಗಳಲ್ಲಿ, ಆರು ತಿಂಗಳಿನಿಂದ. ಇದು ಡಾಕ್ಟರುಗಳು ಬಳಸುವ ಒಂದು ಅಳತೆ. ಅದಕ್ಕಾಗಿ ಆರು ತಿಂಗಳು ಕಾಯಬೇಕಿಲ್ಲ. ನಿದ್ದೆ, ಊಟ, ಕೆಲಸ, ಮನೆಯವರ ಜೊತೆಗಿನ ಮಾತು ಕೆಡುತ್ತಿದ್ದರೆ ಹೋಗಬಹುದು.

ಚಿಕಿತ್ಸೆ ಮುಖ್ಯವಾಗಿ ಎರಡು ಬಗೆ. ಒಂದು ಮಾತಿನದು. ಮೇಲೆ ಹೇಳಿದ ಉಪಾಯಗಳನ್ನೇ ತರಬೇತಿ ಪಡೆದವರು ಜೊತೆಗೆ ಕೂತು, ವಾರ ವಾರ, ನಿಮ್ಮ ಬದುಕಿಗೆ ಹೊಂದಿಸಿ ಮಾಡಿಸುತ್ತಾರೆ. ಇನ್ನೊಂದು ಮಾತ್ರೆ. ಆತಂಕಕ್ಕೆ ಈಗ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕೆಲಸ ಶುರು ಮಾಡಲು ಕೆಲವು ವಾರ ಬೇಕು, ಅವು ಚಟ ಹಿಡಿಸುವುದಿಲ್ಲ. ಆದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಆಲ್ಪ್ರಜೋಲಾಮ್ ಥರದ ನಿದ್ದೆ ತರಿಸುವ ಮಾತ್ರೆಗಳ ವಿಷಯ ಬೇರೆ. ಬೇಗ ಸಮಾಧಾನ ಕೊಡುತ್ತವೆ, ಬೇಗ ಅಭ್ಯಾಸವೂ ಆಗುತ್ತವೆ. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುವ ಮಾತ್ರೆ ಅಲ್ಲ ಅದು.

ನಾಚಿಕೆ ಬೇಡ ಎಂದು ಬಾಯಲ್ಲಿ ಹೇಳುವುದು ಸುಲಭ, ಹಾಗಾಗಿ ಒಂದು ಅಂಕಿ ಕೊಡುತ್ತೇನೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಹತ್ತು ಜನ ಕೂತ ಕಟ್ಟೆಯಲ್ಲಿ ಒಬ್ಬರು ಎಂದಾಯಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಗೆ ಹೋಗಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ.

ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕು ಎಂಬ ಯೋಜನೆ ದೇಶದಲ್ಲಿ ಮೊದಲು ರೂಪುಗೊಂಡದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದವರು ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಎಲ್ಲಿದೆ ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಯಾವ ಮಂಗಳವಾರ ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿಚಾರಿಸಿ ಹೇಳುತ್ತಾರೆ.

ಎದ್ದು ಹೋಗುವುದೇ ಕಷ್ಟ ಎನ್ನುವವರಿಗೆ ಟೆಲಿ ಮಾನಸ್ ಇದೆ. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಎಂದು ತೋಚದಿದ್ದರೆ, "ಕೆಲವು ದಿನದಿಂದ ನಿದ್ದೆ ಬರ್ತಿಲ್ಲ, ಎದೆ ಹೊಡ್ಕೊಳ್ತದೆ" ಎಂದು ಶುರು ಮಾಡಿ. ಮುಂದಿನದನ್ನು ಅವರೇ ಕೇಳುತ್ತಾರೆ, ಬೇಕಾದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ಸಾಯುವ ಯೋಚನೆ ಬರುತ್ತಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ "ನಾನಿದ್ದು ಏನು ಪ್ರಯೋಜನ" ಎನ್ನಲು ಶುರು ಮಾಡಿದರೆ ಮರುದಿನಕ್ಕೆ ಬಿಡಬೇಡಿ. ಅವರನ್ನು ಒಬ್ಬರನ್ನೇ ಇರಲು ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಗಳನ್ನು ಮನೆಯಿಂದ ಆಚೆ ಸಾಗಿಸಿ, ಬೇರೆಯವರ ಬಳಿ ಬೀಗ ಹಾಕಿಸಿ ಇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬರುತ್ತದೆ ಎಂಬುದು ಸುಳ್ಳು. ಕೇಳಿದ ಮೇಲೆ ಜೊತೆಯಲ್ಲೇ ಕೂತು 14416ಕ್ಕೆ ಫೋನ್ ಮಾಡಿ, ಇಲ್ಲವೇ ಗಾಡಿ ಮಾಡಿಕೊಂಡು ಹತ್ತಿರದ ಆಸ್ಪತ್ರೆಗೆ ಅವತ್ತೇ ಕರೆದುಕೊಂಡು ಹೋಗಿ.